ದೊರೆಗೆ ಒಂದು ಹಿಡಿ ಹೆಚ್ಚು

ದೊರೆ ಸರಿಯಾಗಿ ಊಟ ಮಾಡಿ ಒಂಬತ್ತು ದಿನಗಳಾಗಿದ್ದವು. ದೊರೆ ಎಂದರೆ ನಾಯಿ. ಒಂದು ಕಿವಿ ಮಡಚಿಕೊಂಡ, ಹನ್ನೊಂದು ವರ್ಷದ ಕಂದು ನಾಯಿ. ಆ ಹೆಸರಿಟ್ಟವನು ತನ್ನ ಮಾಂಸದಂಗಡಿಯಲ್ಲಿ, ಕತ್ತಿ ಕೈಯಲ್ಲಿರುವಾಗಲೇ ಕುಸಿದು ತೀರಿಕೊಂಡಿದ್ದ. ಅದಕ್ಕೂ ಒಂಬತ್ತೇ ದಿನ.

ಅವನ ಹೆಂಡತಿ ಅತ್ತಿರಲಿಲ್ಲ. ಹಟ ಹಿಡಿದು ತಡೆದುಕೊಂಡದ್ದಲ್ಲ, ಅಳು ಬರಲೇ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಿಸುವುದು ಅವಳ ಕೆಲಸ. ಐದನೆಯ ದಿನವೇ ಕೆಲಸಕ್ಕೆ ಹೋದಳು. ಮೂಲೆಗೆ ಮೂಲೆ ಹಿಡಿದು, ಒದರಿ, ನಾಲ್ಕು ಮಡಿಕೆ. ಕೈಗಳು ಅವಳನ್ನು ಕೇಳದೆಯೇ ಮಡಿಸುತ್ತಿದ್ದವು. ಮನೆಯಲ್ಲೂ ಅಷ್ಟೇ. ಬೆಳಿಗ್ಗೆ ಅಕ್ಕಿ ಅಳೆದರೆ ಅವನ ಪಾಲಿನದೂ ಸೇರಿಯೇ ಬೇಯುತ್ತಿತ್ತು.

ಪಕ್ಕದ ಮನೆಯಾಕೆಗೆ ಊರ ಉಸಾಬರಿಯೆಲ್ಲ ಬೇಕು. ನಾಯಿಯ ತಟ್ಟೆಗೆ ಇಣುಕಿ ನೋಡಿ, "ಯಜಮಾನನ ಕೊರಗು ಕಣ್ರೀ. ಮೂಕಪ್ರಾಣಿಗೇ ಇಷ್ಟು ಸಂಕಟ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟಳು. ಉಳಿದರ್ಧ ತನಗೆಂದು ಇವಳಿಗೆ ಗೊತ್ತಾಯಿತು. ನಿಜವೇ ಅಲ್ಲವೇ ಅನ್ನಿಸಿತು. ನಾಯಿಗಿರುವ ನಿಯತ್ತು ತನಗಿಲ್ಲ. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ನಾಯಿ ಮಾತ್ರ ಉಳಿಯಬೇಕು ಎಂದುಕೊಂಡಳು. ಅದೊಂದೇ ಬೇಕೆನಿಸಿದ್ದು. ಪಶುವೈದ್ಯರು ಹೊಟ್ಟೆ ಮುಟ್ಟಿ, ಹಲ್ಲು ನೋಡಿ, "ಕಾಯಿಲೆ ಏನೂ ಇಲ್ಲ. ಆದ್ರೆ ವಯಸ್ಸಾಗಿದೆ, ಹೀಗೇ ಉಪವಾಸ ಇದ್ರೆ ತಡೆಯಲ್ಲ" ಎಂದರು. ಅವಳು ಅನ್ನಕ್ಕೆ ಮಾಂಸ ಹಾಕಿ, ಮೆತ್ತಗೆ ಬೇಯಿಸಿ, ಆರಿಸಿ, ಬೆರಳಲ್ಲಿ ಹಿಡಿದು ಬಾಯಿಗಿಟ್ಟಳು. ದೊರೆ ಎರಡು ತುತ್ತು ನೆಕ್ಕಿ ಬಾಗಿಲ ಕಡೆ ಮುಖ ತಿರುಗಿಸಿತು.

ಹಸಿ ಮಾಂಸ ಆ ಮನೆಯಲ್ಲಿ ನಾಯಿಗೆ ನಿಷಿದ್ಧ. ರಕ್ತದ ರುಚಿ ಹತ್ತಿದ ನಾಯಿ ಅನ್ನ ಹಾಕಿದ ಕೈಗೇ ಬಾಯಿ ಹಾಕುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಮಾಂಸ ಕಡಿಯುವವನ ಹೆಂಡತಿಯ ಈ ಕಾನೂನಿಗೆ ಗಂಡ, "ಆಯ್ತು ಮಾರಾಯ್ತಿ, ಹಸೀದು ಒಂದು ಚೂರೂ ಹಾಕಲ್ಲ" ಎಂದು ತಲೆಯಾಡಿಸಿದ್ದ. ದಿನಾ ಅವನ ಹಿಂದೆಯೇ ಅಂಗಡಿಗೆ ಹೋಗುತ್ತಿದ್ದ ನಾಯಿ ಸಂಜೆ ಅವಳು ಹಾಕಿದ್ದನ್ನು ಕಾಟಾಚಾರಕ್ಕೆ ತಿನ್ನುತ್ತಿತ್ತು. ಅದರ ಜಾಯಮಾನವೇ ಹಾಗೆ ಎಂದು ಅವಳು ಸುಮ್ಮನಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಮೈದುನ ಬಂದ. ಅಂಗಡಿಯನ್ನು ಈಗ ಅವನೇ ನೋಡಿಕೊಳ್ಳುತ್ತಿದ್ದ. ನಾಯಿಯ ಪಕ್ಕೆಲುಬು ನೋಡಿ ಗಾಬರಿಯಾದ.

"ಅತ್ತಿಗೆ, ಇದಕ್ಕೆ ಏನು ಹಾಕ್ತಿದ್ದೀರಿ?"

"ಬೇಯಿಸಿದ್ದು. ಇನ್ನೇನು ಹಾಕ್ಲಿ?"

ಅವನು ತಲೆ ಕೆರೆದುಕೊಂಡ. "ಬೈಬೇಡಿ. ಅಣ್ಣ ದಿನಾ ಮಧ್ಯಾಹ್ನ ಹಸಿ ಕೀಮಾಕ್ಕೆ ಅನ್ನ ಕಲಸಿ ಹಾಕ್ತಿದ್ದ. ಬರೀ ಹಸೀದಾದ್ರೆ ಇದರ ಹೊಟ್ಟೆ ಕೆಡುತ್ತೆ. ಬರೀ ಬೆಂದಿದ್ದಾದ್ರೆ ಮೂಸೂ ನೋಡಲ್ಲ. ಹನ್ನೊಂದು ವರ್ಷದ ಅಭ್ಯಾಸ."

"ಅಂಗಡಿಯಲ್ಲಿ ಅನ್ನ ಎಲ್ಲಿತ್ತು?"

"ನೀವು ಕಟ್ಟಿಕೊಡ್ತಿದ್ದ ಊಟದ ಡಬ್ಬೀದೇ. ಅದಕ್ಕೇ ತಾನೇ ಒಂದು ಹಿಡಿ ಜಾಸ್ತಿ ಹಾಕಿಸ್ಕೊಂಡು ಬರ್ತಿದ್ದಿದ್ದು?"

ಗಂಡನ ಮಾತು ನೆನಪಾಯಿತು. "ನಿನ್ನ ಕೈಯಡುಗೆ ಎಷ್ಟು ತಿಂದ್ರೂ ಸಾಲಲ್ಲ ಕಣೇ, ಇನ್ನೊಂದು ಹಿಡಿ ಹಾಕು." ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಅದೇ ಮಾತು. ಬಟ್ಟೆ ಮಡಿಸುವ ಹೆಂಗಸರ ಮುಂದೆ ಆ ಮಾತು ಹೇಳಿಕೊಂಡು ಎಷ್ಟು ಬೀಗಿದ್ದಳು!

ಮೈದುನ ಕಾಗದದ ಪೊಟ್ಟಣದಲ್ಲಿ ಕೀಮಾ ತಂದುಕೊಟ್ಟ. "ಬೇಯಿಸಿದ ಮೂಳೆ ಮಾತ್ರ ಹಾಕಬೇಡಿ, ಚೂಪಾಗಿ ಒಡೆಯುತ್ತೆ" ಎಂದು ಹೇಳಿ ಅಂಗಡಿಗೆ ಹೊರಟ.

ಪಾತ್ರೆಯಲ್ಲಿ ಅವನ ಪಾಲಿನ ಅನ್ನ ಇದ್ದೇ ಇತ್ತು. ಅದಕ್ಕೆ ಹಸಿ ಕೀಮಾ ಹಾಕಿ ಕಲಸಿ, ಒಂದಿಷ್ಟು ತಟ್ಟೆಗೆ ಹಾಕಿದಳು. ಬೆರಳ ಸಂದಿಯಲ್ಲೆಲ್ಲ ತಣ್ಣನೆಯ ರಕ್ತ. ದೊರೆ ಎದ್ದು ಬಂದು ತಟ್ಟೆಗೆ ಮುಖ ಹಾಕಿತು, ತಟ್ಟೆ ಸರಿದು ಗೋಡೆಗೆ ತಾಗುವವರೆಗೂ ತಿಂದಿತು. ಆಮೇಲೆ ಅವಳ ರಕ್ತದ ಕೈಯನ್ನು ಒಂದೊಂದು ಬೆರಳೂ ಬಿಡದೆ ನೆಕ್ಕಿತು. ಒಂದು ಹಲ್ಲೂ ತಾಗಲಿಲ್ಲ.

"ಸುಳ್ಳುಬುರುಕ" ಎಂದಳು ಅವಳು. ಹತ್ತು ದಿನದಲ್ಲಿ ಮೊದಲ ಬಾರಿ ಸಿಟ್ಟು ಬಂದಿತ್ತು. "ಕಳ್ಳ, ನನ್ನ ಹತ್ರ ಸುಳ್ಳು ಹೇಳಿದೆಯಲ್ಲೋ!" ಎಂದು ಇನ್ನೂ ಜೋರಾಗಿ ಬೈಯಲು ಹೋದವಳು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು.

ದೊರೆ ಬರಿ ತಟ್ಟೆಯ ಮುಂದೆ ನಿಂತು ಅವಳ ಮುಖವನ್ನೇ ನೋಡುತ್ತಿತ್ತು. ಅವಳು ಕಣ್ಣೊರೆಸಿಕೊಳ್ಳದೆಯೇ ಪಾತ್ರೆಯಿಂದ ಇನ್ನೊಂದು ಹಿಡಿ ಹಾಕಿದಳು.