ಮಿಚಿಕೊ ಆಂಟಿಯ ಮೇಜಿನ ಕೆಳಗೆ

ಕಳೆದ ವಾರ ನಮ್ಮ ಜರ್ಮನ್‌ಟೌನ್ ನಡುಗಿತು. ನಿಜವಾಗಿಯೂ!

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ದೊಡ್ಡ ಟ್ರಕ್ ಹೋದಂತೆ ಸದ್ದು. ಸಿಂಕಿನ ಪಕ್ಕದ ಲೋಟಗಳೆಲ್ಲ ಗಲಗಲ. ಒಲೆ ಆರಿಸಿ, ಬೇಸಿಗೆ ರಜೆಯಲ್ಲಿದ್ದ ಮಗಳು ನಿಧಿಯನ್ನು ಎಳೆದುಕೊಂಡು ಪಾರ್ಕಿಂಗ್ ಲಾಟಿಗೆ ಓಡಿದೆ. (ಸಟ್ಟುಗ ಕೈಯಲ್ಲೇ ಇತ್ತು.) ಅಷ್ಟರಲ್ಲೇ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜೋಕುಗಳು ಶುರು. ನಮಗೆ ಭೂಕಂಪವೆಂದರೆ ಅಷ್ಟೇ ತಾನೇ?

ಎಲ್ಲರೂ ಹೊರಗಿದ್ದರು. ಪಕ್ಕದ ಮನೆಯ ಮಿಚಿಕೊ ಆಂಟಿ ಮಾತ್ರ ಕಾಣಲಿಲ್ಲ. ಜಪಾನಿನವರು, ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು. ಹೋಗಿ ನೋಡಿದರೆ ಬಾಗಿಲು ಪೂರ್ತಿ ತೆರೆದಿದೆ. (ನಡುಗಿದಾಗ ಬಾಗಿಲು ಸಿಕ್ಕಿಕೊಳ್ಳುತ್ತದಂತೆ; ಮೊದಲು ಅದನ್ನೇ ತೆಗೆಯಬೇಕಂತೆ.) ಆಂಟಿ ಶೂ ಹಾಕಿಕೊಂಡು ಊಟದ ಮೇಜಿನ ಕೆಳಗೆ ಕೂತಿದ್ದರು!

"ಆಂಟಿ, ನಿಂತುಹೋಯ್ತು. ಬನ್ನಿ ಆಚೆ," ಎಂದೆ. (ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡದಲ್ಲಿ.)

"ಯೋಶಿನ್ ಬರಬಹುದು," ಎಂದರು.

ಯೋಶಿನ್ ಅಂದರೆ ದೊಡ್ಡ ಕಂಪನದ ಬೆನ್ನಿಗೆ ಬರುವ ಚಿಕ್ಕದು. ಪದಶಃ ಹೇಳಿದರೆ 'ಮಿಕ್ಕ ನಡುಕ'.

ನಿಧಿ ಆಗಲೇ ಮೇಜಿನ ಕೆಳಗೆ ನುಸುಳಿದ್ದಳು. "ಹಾಗಾದ್ರೆ ದೊಡ್ಡದಕ್ಕೆ ಏನಂತಾರೆ?"

"ಹೊನ್‌ಶಿನ್. ಅದಕ್ಕೂ ಮುಂಚೆ ಬರೋದು ಝೆನ್‌ಶಿನ್."

ನಾವು ಎಲ್ಲಕ್ಕೂ ಭೂಕಂಪ ಅಂದು ಕೈತೊಳೆದುಕೊಳ್ಳುತ್ತೇವೆ. ಅವರಿಗೆ ಒಂದೊಂದಕ್ಕೂ ಬೇರೆ ಹೆಸರು.

"ಇವತ್ತು ಬಂದಿದ್ದು ಯಾವ್ದು?" ನಿಧಿ ಬಿಡಲಿಲ್ಲ.

ಆಂಟಿ ಅವಳತ್ತ ತಿರುಗಿದರು. "ಬಂದಾಗ ಗೊತ್ತಾಗಲ್ಲ. ನಾನು ನಿನ್ನಷ್ಟಿದ್ದಾಗ ನಮ್ಮೂರಲ್ಲಿ ಜೋರಾಗಿ ನಡುಗಿತು. ಎಲ್ಲ ಬೀದಿಗೆ ಬಂದ್ವಿ. ನಿಂತ ಮೇಲೆ ಅಪ್ಪ, 'ಇನ್ನು ಬರೋದೆಲ್ಲ ಯೋಶಿನ್, ಹೆದರಬೇಡಿ' ಅಂದ್ರು. ತಮ್ಮ ಚಳಿ ಅಂತ ಅಳ್ತಿದ್ದ. ಹೊದಿಕೆ ತರೋಕೆ ಅಪ್ಪ ಒಳಗೆ ಹೋದ್ರು. ಆಗ ಬಂತು ಹೊನ್‌ಶಿನ್."

ನಿಧಿ ಅವರ ಕೈ ಹಿಡಿದುಕೊಂಡಳು.

ಹೊರಗೆ ಜನ ನಗುತ್ತಿದ್ದರು. ನಾನೂ ಮೇಜಿನ ಕೆಳಗೆ ತೂರಿದೆ. ತಲೆ ಠಣ್ ಎಂದಿತು. ಆಂಟಿ ನಕ್ಕು, ಸರಿದು ಜಾಗ ಕೊಟ್ಟರು. ಪಕ್ಕದ ಚೀಲದಿಂದ ಅಕ್ಕಿ ಬಿಸ್ಕತ್ತಿನ ಪೊಟ್ಟಣ ತೆಗೆದರು. ಮೂವರೂ ಕುರುಕುರು ತಿನ್ನುತ್ತಾ ಕೂತೆವು. ನೆಲ ಮತ್ತೆ ಅಲುಗಲಿಲ್ಲ. ಆದರೂ ಆಂಟಿಯೇ "ಸಾಕು" ಎನ್ನುವವರೆಗೆ ನಾವು ಏಳಲಿಲ್ಲ.

ಮನೆಗೆ ಬಂದರೆ ರಾಕ್‌ವಿಲ್ ಆಫೀಸಿನಿಂದ ಗಂಡನ ಫೋನ್. "ಏನೇ, ಭೂಕಂಪ ಆಯ್ತಂತೆ? ಎಲ್ಲ ಮುಗೀತು ತಾನೇ?"

ನೀವೇ ಹೇಳಿ, ಏನೆಂದು ಉತ್ತರ ಕೊಡಲಿ?