ಕ್ಯಾಮೆರಾದ ಆಚೆ ನಿಂತ ನಟ

ನನ್ನ ಗಂಡನಿಗೆ ನಟನೆ ಕಲಿಸಿದ್ದು ಸ್ಕಾಟ್ಲೆಂಡಿನ ಒಬ್ಬ ಸಿನಿಮಾ ನಟ. ತಾನು ಕಲಿಸಿದೆನೆಂದು ಆತನಿಗೆ ಇಂದಿಗೂ ಗೊತ್ತಿರಲಾರದು.

ನಾವಿದ್ದದ್ದು ಅಬುಧಾಬಿಯ ಬನಿಯಾಸ್‌ನಲ್ಲಿ. ಇವರು ಬಾಡಿಗೆ ಕಾರಿನ ಕಂಪನಿಯೊಂದರಲ್ಲಿ ಚಾಲಕರಾಗಿದ್ದರು. ಒಂದು ವರ್ಷ ಮದೀನತ್ ಜಾಯೆದ್‌ನ ಆಚೆಯ ಮರಳಿನಲ್ಲಿ ಯಾವುದೋ ಇಂಗ್ಲಿಷ್ ಸಿನಿಮಾದ ಚಿತ್ರೀಕರಣ ನಡೆಯಿತು. ಆ ನಟನನ್ನು ಹೋಟೆಲಿನಿಂದ ಕರೆದೊಯ್ದು ಮರಳಿ ಕರೆತರುವ ಕೆಲಸ ಇವರ ಪಾಲಿಗೆ ಬಂತು. ವಾರದ ರಜೆಗೆ ಮನೆಗೆ ಬಂದರೆ ಊಟಕ್ಕಿಂತ ಮೊದಲು ಆತನ ಸುದ್ದಿ.

"ನಮ್ಮ ಮಲ್ಪೆಯವನೇ ಮಾರಾಯ್ತಿ, ಬಣ್ಣ ಮಾತ್ರ ಬೇರೆ," ಎನ್ನುತ್ತಿದ್ದರು.

ಆತ ಮೀನಿನ ಬಂದರಿನಲ್ಲಿ ಪೆಟ್ಟಿಗೆ ಹೊತ್ತು ಬೆಳೆದವನಂತೆ. ಸಣ್ಣ ಊರಿನ ನಾಟಕದಿಂದ ಟೀವಿಗೆ ಹೋದಮೇಲೂ ಬಹಳ ವರ್ಷ ಸಿಕ್ಕಿದ್ದು ಬಾಗಿಲು ತೆರೆಯುವವನ ಪಾತ್ರ, ಪೊಲೀಸಿನವನ ಪಾತ್ರ, ಇಲ್ಲವೇ ಹೆಣದ ಪಾತ್ರ. ತಲೆ ನರೆತ ಮೇಲೆಯೇ ಜನ ಅವನ ಮುಖ ಗುರುತಿಸಿದ್ದು. ಅದಕ್ಕೆ ಬೇಸರವಿಲ್ಲವೇ ಎಂದು ಇವರು ಕೇಳಿದರೆ, "ಹೆಣವಾಗಿ ಮಲಗಿದ್ದಾಗ ಉಳಿದವರ ಮಾತು ಕೇಳುವುದಲ್ಲದೆ ಬೇರೆ ಕೆಲಸವಿರಲಿಲ್ಲ. ನಾನು ಕಲಿತದ್ದೇ ಆಗ," ಎಂದು ನಕ್ಕನಂತೆ.

ಕಾರಿನಲ್ಲಿ ಆತ ಮಾತು ಬಾಯಿಪಾಠ ಮಾಡುವ ಕ್ರಮ ಇವರಿಗೆ ವಿಚಿತ್ರವೆನಿಸಿತು. ಎದುರಿನ ಪಾತ್ರದ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದ. ತನ್ನ ಮಾತು ಬರುವಲ್ಲಿ ಸುಮ್ಮನಿರುತ್ತಿದ್ದ. ಎದುರಿನವರು ಹೇಳಿದ್ದು ಸರಿಯಾಗಿ ಕಿವಿಗೆ ಬಿದ್ದರೆ ತನ್ನ ಮಾತು ತಾನಾಗಿ ಬರುತ್ತದೆ ಎಂಬುದು ಅವನ ಲೆಕ್ಕ.

ಒಂದು ದಿನ ಇವರು ಚಿತ್ರೀಕರಣ ನೋಡಿದರು. ಆತನ ಭಾಗ ಮುಗಿದು ಕ್ಯಾಮೆರಾ ಎದುರಿನ ಹೊಸ ನಟನತ್ತ ತಿರುಗಿತು. ಆತ ಎಸಿ ವ್ಯಾನಿಗೆ ಹೋಗಿ ಕೂರಬಹುದಿತ್ತು. ಹೋಗದೆ, ಬಿಸಿಲಿನಲ್ಲಿ ಕ್ಯಾಮೆರಾದ ಪಕ್ಕ ನಿಂತು, ಯಾರಿಗೂ ಕಾಣದ ಜಾಗದಲ್ಲಿ ಕಣ್ಣೀರು ಹಾಕಿಕೊಂಡೇ ತನ್ನ ಮಾತನ್ನೆಲ್ಲ ಮತ್ತೆ ಹೇಳಿದ. ವಾಪಸು ಬರುವಾಗ ಇವರು ಕಾರಣ ಕೇಳಿದ್ದಕ್ಕೆ ಆತ ಅಂದದ್ದು ಇಷ್ಟೇ: "ಆ ಹುಡುಗ ಯಾರೊಂದಿಗೆ ಮಾತಾಡಬೇಕು ಹೇಳು?"

ಅದೇ ವರ್ಷ ದುಬೈಯಲ್ಲಿ ನಮ್ಮವರ ಸಂಘದ ನಾಟಕವಿತ್ತು. ಆಡಿಸುತ್ತಿದ್ದವರು ಭಟ್ಕಳದ ಬಟ್ಟೆ ವ್ಯಾಪಾರಿ. ಅಲ್ ಕೂಜ್‌ನ ಅವರ ಗೋದಾಮಿನಲ್ಲಿ, ಬಟ್ಟೆಯ ಮೂಟೆಗಳ ನಡುವೆ ನಮ್ಮ ತಾಲೀಮು. ಇವರಿಗೆ ಒಂದೇ ಮಾತಿನ ಪೊಲೀಸ್ ಪಾತ್ರ. ನನಗೆ ಊರಿನಲ್ಲಿದ್ದು ಗಲ್ಫಿನ ಗಂಡನಿಗೆ ಫೋನ್ ಮಾಡುವ ಹೆಂಡತಿಯ ಪಾತ್ರ. ಆ ಕಡೆ ಯಾರೂ ಇಲ್ಲದ ರಿಸೀವರಿಗೆ ಮಾತಾಡಲು ನನಗೆ ಬರುತ್ತಲೇ ಇರಲಿಲ್ಲ.

"ಅಕ್ಕ, ನೀವು ಗಂಡನ ಹತ್ರ ಮಾತಾಡೋದಾ, ರೇಷನ್ ಅಂಗಡಿಯವನ ಹತ್ರ ಮಾತಾಡೋದಾ?" ಎಂದು ವ್ಯಾಪಾರಿಗಳು ತಲೆ ಚಚ್ಚಿಕೊಂಡರು.

ನಮ್ಮ ಕಡೆಯ ನಾಟಕಗಳಲ್ಲಿ ವೇದಿಕೆಯ ಮೇಲಿನಿಂದ ಮೈಕು ಇಳಿಬಿಟ್ಟಿರುತ್ತಾರೆ. ಮಾತು ಬಂದವರು ಅದರ ಕೆಳಗೆ ಹೋಗಿ ನಿಲ್ಲಬೇಕು. ನಾಟಕದ ದಿನ ಒಂದು ಮೈಕು ಪಕ್ಕದ ಪರದೆಗೆ ತಾಗಿಕೊಂಡೇ ಇತ್ತು. ಅದರ ಕೆಳಗೆ ನಿಂತು ಫೋನ್ ಎತ್ತಿದೆ. ನೋಡುತ್ತೇನೆ, ಪರದೆಯ ಮರೆಯಲ್ಲಿ ಇವರು ಪೊಲೀಸ್ ಟೋಪಿ ಕಂಕುಳಲ್ಲಿಟ್ಟು, ಕೈಯನ್ನು ಕಿವಿಗೆ ಹಿಡಿದು, ನನ್ನನ್ನೇ ನೋಡುತ್ತಿದ್ದಾರೆ.

"ಯಾವಾಗ ಬರ್ತೀರಿ?" ಅಂದೆ.

"ರಜೆ ಸಿಗ್ಲಿಲ್ಲ ಮಾರಾಯ್ತಿ. ಗ್ಯಾಸ್ ಬಂತಾ?"

ನನಗೆಂದು ಮೆಲ್ಲಗೆ ಹೇಳಿದ್ದು. ಮೈಕು ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು. ಜನ ಹೊಟ್ಟೆ ಹಿಡಿದು ನಕ್ಕರು. ಅಲ್ಲಿದ್ದವರಲ್ಲಿ ಊರಿಗೆ ಫೋನ್ ಮಾಡಿ ಗ್ಯಾಸಿನ ವಿಷಯ ಕೇಳದವರು ಯಾರಿದ್ದರು? ನಾನು "ಬಂತು" ಎನ್ನುವಷ್ಟರಲ್ಲಿ ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಟಕ ಮುಗಿದಾಗ ಬಯ್ಯಲೆಂದೇ ಬಂದ ವ್ಯಾಪಾರಿಗಳು, ಇವರ ಕೈಕುಲುಕಲು ನಿಂತ ಜನರನ್ನು ನೋಡಿ ಮಾತು ಬದಲಿಸಿದರು. "ಇನ್ನು ಅದು ನಾಟಕದಲ್ಲೇ ಇರ್ಲಿ. ಖಲಾಸ್!"

ಮುಂದಿನ ವರ್ಷಗಳಲ್ಲೂ ಜನ ಅದನ್ನೇ ಕೇಳಿ ಆಡಿಸಿದರು.

ಕಳೆದ ವರ್ಷ ಇವರು ತೀರಿಕೊಂಡರು. ಹೃದಯದ ತೊಂದರೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಆಂಬುಲೆನ್ಸಿನವನು ಬ್ರೇಕ್ ಹಾಕುವ ರೀತಿ ಸರಿಯಿಲ್ಲವೆಂದು ಹೇಳುತ್ತಲೇ ಇದ್ದರು.

ಈ ಸಲ ವ್ಯಾಪಾರಿಗಳು ಫೋನ್ ಮಾಡಿ, "ಬೇರೆ ನಾಟಕ ಮಾಡುವ, ಅಕ್ಕ," ಎಂದರು. ನಾನು ಒಪ್ಪಲಿಲ್ಲ. ಈ ವರ್ಷ ಆಡದಿದ್ದರೆ ಇನ್ನೆಂದೂ ಆಡಲಾರೆನೆಂದು ಗೊತ್ತಿತ್ತು. ಹಾಗಾದರೆ ಪರದೆಯ ಮರೆಯ ಇವರ ದನಿಯ ಜಾಗವೂ ಮುಚ್ಚಿಹೋಗುತ್ತದೆ. ಹಿಂದಿನ ನಾಟಕದಲ್ಲಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಇವರ ದನಿಯನ್ನೇ ಹಾಕುವುದೆಂದು ಅವರು ಸೂಚಿಸಿದರು. ತಾಲೀಮಿನಲ್ಲಿ ಹಾಕಿ ನೋಡಿದೆವು. ಇವರದೇ ದನಿ, ಆದರೆ ಅದು ನನ್ನ ಮಾತಿಗೆ ಕಾಯುವುದಿಲ್ಲ. ಬೇಡವೆಂದೆ.

"ಹಾಗಾದ್ರೆ ಆ ಕಡೆ ಯಾರು?" ಎಂದು ಅವರು ಕೇಳಿದರು.

"ಯಾರೂ ಬೇಡ. ಆ ಜಾಗ ಹಾಗೇ ಇರ್ಲಿ."

ಇದು ನಡೆದೀತೆಂದು ಅವರಿಗೆ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ನಾಟಕದ ದಿನ ದುಬೈಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖಮಾಡಿ ಇವರ ಮಾತುಗಳನ್ನು ಹೇಳಿಕೊಂಡೆ. ನನ್ನ ಮಾತು ಬರುವಲ್ಲಿ ಸುಮ್ಮನಿದ್ದೆ. ಪಕ್ಕದಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗಿ ಮೆಲ್ಲಗೆ ಸೀಟು ಬದಲಿಸಿದಳು.

ವೇದಿಕೆಯಲ್ಲಿ ಫೋನ್ ಎತ್ತಿ ಪರದೆಯ ಕಡೆ ನೋಡಿದೆ. ಖಾಲಿ ಕುರ್ಚಿಯೊಂದಿತ್ತು.

"ಯಾವಾಗ ಬರ್ತೀರಿ?"

ಇವರಿಗೆ ಬೇಕಾಗುವಷ್ಟು ಹೊತ್ತು ಕಾದೆ. ಆಗ ಹಿಂದಿನ ಸಾಲಿನಿಂದ ಯಾರೋ ಗಂಡಸಿನ ಒಡಕು ದನಿ:

"ರಜೆ ಸಿಗ್ಲಿಲ್ಲ ಮಾರಾಯ್ತಿ."

ನಾನು ಆ ಕಡೆ ತಿರುಗುವ ಮೊದಲೇ ಹೆಂಗಸರು, ಗಂಡಸರು, ಕನ್ನಡ ಸರಿಯಾಗಿ ಬಾರದ ಮಕ್ಕಳು, ಎಲ್ಲರೂ ಒಟ್ಟಿಗೆ ಕೂಗಿದರು: "ಗ್ಯಾಸ್ ಬಂತಾ?"

ನನಗೆ ನಗು ತಡೆಯಲಾಗಲಿಲ್ಲ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ.

"ಬಂತು ಮಾರಾಯ್ರೆ," ಎಂದೆ, "ನಿನ್ನೆಯೇ ಬಂತು."