ಕಟ್ಟಿಗೆ ಅಡ್ಡೆಯಲ್ಲಿ ತಟ್ಟಿದ ರೊಟ್ಟಿ

"ಹಿಟ್ಟು ತಂದೀರೇನ್ರಿ ಅಕ್ಕಾರ? ಹಂಗಾದ್ರ ಇಲ್ಲೇ ತಟ್ರಿ, ನೋಡೂಣು" ಎಂದು ಬಡಿಗೇರರು ಗರಗಸದ ಮಷಿನ್ ಬಂದ್ ಮಾಡಿದಾಗ, ಹೊಸಪೇಟೆಯ ಆ ಕಟ್ಟಿಗೆ ಅಡ್ಡೆಯಲ್ಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಹಿಂದಿನ ದಿನ ಅವರು ಫೋನಿನಲ್ಲಿ ಹಿಟ್ಟು ತರಲು ಹೇಳಿದ್ದು ತಮಾಷೆಗೆ ಎಂದುಕೊಂಡಿದ್ದೆ. ಆದರೂ ನಾದಿ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ.

ಜೋಳದ ರೊಟ್ಟಿ ತಟ್ಟಿ ಮಾರುವುದೇ ನನ್ನ ಜೀವನ. ಮೊಣಕಾಲು ಸವೆದಿದೆ, ಇನ್ನು ನೆಲದ ಮೇಲೆ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ನಿಂತು ತಟ್ಟಲು ಎತ್ತರದ ಮೇಜು ಮಾಡಿಸಲು ಹೊರಟಿದ್ದೆ. ಇಷ್ಟು ವರ್ಷ ಕೂತು ತಟ್ಟಿದ ಕೈಗೆ ನಿಂತರೆ ರೊಟ್ಟಿ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು.

ನಾನು ಮೆಚ್ಚಿದ್ದು ನುಣ್ಣನೆಯ ಸಾಗವಾನಿ ಹಲಗೆ. ಅದರ ಮೇಲೆ ರೊಟ್ಟಿ ಜಾರಿತು, ಅಂಚು ಬಿರಿಯಿತು. ನನಗೆ ಅಳುವೇ ಬಂತು. ಬಡಿಗೇರರು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬೇವಿನ ಹಲಗೆಯೊಂದನ್ನು ಒರೆಸಿ ನನ್ನ ಸೊಂಟದೆತ್ತರಕ್ಕೆ ಇಟ್ಟರು. ಬೇವಿನ ಮೇಲೆ ತಟ್ಟಿದ ರೊಟ್ಟಿಯನ್ನು ಯಾರು ತಿನ್ನುತ್ತಾರೆ ಎಂದು ರೇಗಿದೆ.

"ಒಣಗಿದ ಕಟ್ಟಿಗಿ ಐತ್ರಿ, ಕಹಿ ಗಿಹಿ ಏನಿಲ್ಲ. ಕಣ್ಣು ಮುಚ್ಕೊಂಡು ತಟ್ರಿ ಮೊದ್ಲ."

ಮುಚ್ಚಿಕೊಂಡೇ ತಟ್ಟಿದೆ. ನಾಲ್ಕು ಏಟು ಬೀಳುವಷ್ಟರಲ್ಲಿ ರೊಟ್ಟಿ ಅಂಗೈ ಕೆಳಗೆ ತಾನಾಗಿ ತಿರುಗತೊಡಗಿತು, ಮನೆಯಲ್ಲಿ ತಿರುಗುವ ಹಾಗೆಯೇ. ಹೋದ ಜೀವ ಬಂದಂತಾಯಿತು.

ಮೇಜು ಬಂದು ತಿಂಗಳಾಯಿತು. ದಿನಾ ರೊಟ್ಟಿ ಒಯ್ಯುವವರಲ್ಲಿ ಒಬ್ಬರಿಗೂ ಏನೋ ಬದಲಾಗಿದೆ ಎಂಬುದು ಗೊತ್ತಾಗಿಲ್ಲ. ನನಗೆ ಬೇಕಾಗಿದ್ದೂ ಅಷ್ಟೇ.